ಕ್ಲೋಸ್ ಆಯ್ತು ಸಾರ್

"ಕ್ಲೋಸ್ ಆಯ್ತು ಸಾರ್."

"ನಾಲ್ಕೇ ನಿಮಿಷ ಅಲ್ವಾ?"

"ಹೌದು ಸಾರ್. ನಾಲ್ಕು ನಿಮಿಷ."

ಇಷ್ಟೇ ಮಾತು. ಭಾನುವಾರ ಮಧ್ಯಾಹ್ನ 12:44ಕ್ಕೆ, ತುಮಕೂರು–ಶಿರಾ ಹೈವೇಯಲ್ಲಿ ಸೀಬಿ ದಾಟಿದ ಮೇಲೆ ಒಂದು ಡಾಬಾ ಮುಂದೆ ನಡೆದದ್ದು. ಇವತ್ತು ಬುಧವಾರ. ಆಫೀಸಿನ ಸ್ಟ್ಯಾಂಡ್‌ಅಪ್ ಮೀಟಿಂಗಲ್ಲಿ ನಿಂತಾಗ, ಬೆಳಿಗ್ಗೆ ಹಾಲು ತರಲು ಹೋದಾಗ, ಹಲ್ಲುಜ್ಜುವಾಗ, ಅದೇ ಮೂರು ಸಾಲು ಕಿವಿಯಲ್ಲಿ ಸುತ್ತುತ್ತಿದೆ. ಅದರಲ್ಲೂ ಆ ಕೊನೆಯ ಸಾಲು. ನಾನು "ನಾಲ್ಕೇ" ಅಂದೆ. ಅಲ್ಲಿ ಸ್ಟಾಂಪ್ ಹಾಕಲು ಕೂತಿದ್ದ ಹುಡುಗ ಅದರ ದೀರ್ಘ ತೆಗೆದು "ನಾಲ್ಕು" ಅಂತ ವಾಪಸ್ ಕೊಟ್ಟ. ಸಿಟ್ಟಿಲ್ಲ, ಕೊಂಕಿಲ್ಲ. ಅಂಗಡಿಯವನು ಚಿಲ್ಲರೆ ಎಣಿಸಿ ಕೈಗೆ ಹಾಕಿದ ಹಾಗೆ.

ನಾನು ಹೋಗಿದ್ದು 200 ಕಿಲೋಮೀಟರ್ ಬ್ರೆವೆಗೆ, ಅಂದರೆ ದೂರದ ಸೈಕಲ್ ಸವಾರಿಗೆ. ಆಫೀಸಲ್ಲಿ ಎಲ್ಲರೂ "ಎಷ್ಟನೇ ಪ್ಲೇಸು?" ಅಂತಲೇ ಕೇಳುತ್ತಾರೆ. ಇದರಲ್ಲಿ ಪ್ಲೇಸ್ ಇಲ್ಲ. ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಮರ್ಯಾದೆ. 200ಕ್ಕೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಅಷ್ಟರೊಳಗೆ ಸೈಕಲ್ ತುಳಿದು ಮುಗಿಸಬೇಕು. ನಡುವೆ ಕಂಟ್ರೋಲ್ ಅಂತ ಇರುತ್ತದೆ, ಅಲ್ಲಿ ಕಾರ್ಡಿಗೆ ಸ್ಟಾಂಪ್ ಹಾಕಿಸಬೇಕು. ಬೆಳಿಗ್ಗೆ 6ಕ್ಕೆ ಹೊರಟರೆ ನೂರನೇ ಕಿಲೋಮೀಟರಿನ ಕಂಟ್ರೋಲ್ 8:56ಕ್ಕೆ ತೆರೆಯುತ್ತದೆ, 12:40ಕ್ಕೆ ಮುಚ್ಚುತ್ತದೆ. ಗಂಟೆಗೆ 15 ಕಿಲೋಮೀಟರ್ ಲೆಕ್ಕ. ಹದಿನೈದು ಯಾವ ಮಹಾ ಅನ್ನಿಸುತ್ತೆ, ಅಲ್ವಾ? ಆಷಾಢದ ಗಾಳಿಗೆ ಎದೆ ಕೊಟ್ಟು ತುಳಿದು ನೋಡಿ.

ಯಶವಂತಪುರದಿಂದ ಹೊರಟಾಗ ಜಿಟಿಜಿಟಿ ಮಳೆ. ನೆಲಮಂಗಲ ದಾಟಿದ ಮೇಲೆ ಗಾಳಿ ಶುರು. ಡಾಬಸ್‌ಪೇಟೆ ಹತ್ತಿರ ಶಿವಗಂಗೆ ಬೆಟ್ಟ ಎಡಕ್ಕೆ ಕಾಣಿಸಿತು, ಅರ್ಧ ಗಂಟೆ ಅಲ್ಲೇ ನಿಂತಿತ್ತು. ನಾನು ತುಳಿಯುತ್ತಲೇ ಇದ್ದೆ, ಅದು ಅಲ್ಲೇ ಇತ್ತು. ಕ್ಯಾತ್ಸಂದ್ರ ತಲುಪಿದಾಗ ಹತ್ತಕ್ಕೆ ಹತ್ತು ನಿಮಿಷ. ಇಲ್ಲಿ ಒಂದು ಸತ್ಯ ಹೇಳಬೇಕು. ನಾನು ತಟ್ಟೆ ಇಡ್ಲಿಗೆ ಕೂತೆ. ಎರಡು ಅಂತ ಕೂತವನು ನಾಲ್ಕು ತಿಂದೆ, ಮೇಲೆ ಬೆಣ್ಣೆ, ಮೇಲೊಂದು ಕಾಫಿ. ಎದುರಿಗೆ ಕೂತಿದ್ದ ಲಾರಿ ಡ್ರೈವರ್ ಹತ್ತಿರ ಗಾಡಿ ಗೇರಿನ ಬಗ್ಗೆ ಮಾತಾಡಿದೆ. ನಲವತ್ತು ನಿಮಿಷ ಹೋಯಿತು. ತುಮಕೂರು ದಾಟಿದ ಮೇಲೆ ಹಿಂದಿನ ಚಕ್ರ ಪಂಕ್ಚರ್, ಇಪ್ಪತ್ತೈದು ನಿಮಿಷ. ನಾಲ್ಕು ನಿಮಿಷ ಎಲ್ಲಿ ಹೋಯಿತು ಅಂತ ಹುಡುಕಲು ಕೋಡಿನ ತಪ್ಪು ಹಿಡಿಯುವ ಡಿಬಗರ್ ಏನೂ ಬೇಡ.

ಆ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಪ್ಲಾಸ್ಟಿಕ್ ಕುರ್ಚಿ, ಕಾಲ ಬಳಿ ಬಾಳೆಹಣ್ಣಿನ ಗೊನೆ, ಗಾಳಿಗೆ ಹಾರದ ಹಾಗೆ ಪೇಪರಿನ ಮೇಲೆ ಇಟ್ಟ ಕಲ್ಲು. ಸ್ಟಾಂಪನ್ನು ಆಗಲೇ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದ್ದ. "ಕ್ಲೋಸ್ ಆಯ್ತು" ಅಂದವನು ಆಮೇಲೆ ಮೆತ್ತಗೆ ಕೇಳಿದ, "ದಾರೀಲಿ ಆಕ್ಸಿಡೆಂಟ್ ಏನಾದ್ರೂ ನೋಡಿ ನಿಂತ್ರಾ ಸಾರ್?"

ಅವನು ಬಾಗಿಲು ತೆರೆದು ಹಿಡಿದಿದ್ದಾನೆ ಅಂತ ನನಗೆ ಗೊತ್ತಾಯಿತು. ಯಾರಿಗೋ ಪೆಟ್ಟಾಗಿ ನೆರವಿಗೆ ನಿಂತಿದ್ದರೆ, ರಸ್ತೆ ಮುಚ್ಚಿದ್ದರೆ, ತಡವಾದರೂ ಒಪ್ಪಬಹುದು ಅಂತ ನಿಯಮ ಇದೆ. ಸುಸ್ತು, ಹಸಿವು ಇವೆಲ್ಲ ಲೆಕ್ಕಕ್ಕಿಲ್ಲ. ಸುಮ್ನೆ "ಹೂಂ" ಅಂದಿದ್ದರೆ ಮುಚ್ಚಳ ತೆಗೆಯುತ್ತಿದ್ದನೋ ಏನೋ.

"ಇಲ್ಲ. ಇಡ್ಲಿ ತಿಂತಾ ಕೂತಿದ್ದೆ."

ನಕ್ಕ. ಎರಡು ಬಾಳೆಹಣ್ಣು ಮುರಿದು ಕೊಟ್ಟ. "ಕ್ಯಾತ್ಸಂದ್ರದಲ್ಲಾ ಸಾರ್?" ಅಂತ ಹೋಟೆಲ್ ಹೆಸರನ್ನೂ ಕೇಳಿದ. ಸ್ಟಾಂಪ್ ಹಾಕಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನು ಎರಡು ದಿನ ಬೈದುಕೊಂಡು ಮರೆಯುತ್ತಿದ್ದೆ. ನಾನು ಹಣ್ಣು ತಿನ್ನುತ್ತಿರುವಾಗ ಇನ್ನೊಬ್ಬರು ಬಂದರು. ನಮ್ಮ ಸೈಕಲ್ ವಲಯದಲ್ಲಿ ದೊಡ್ಡ ಹೆಸರು. ದುಬಾರಿ ಕಾರ್ಬನ್ ಸೈಕಲ್, ಹಿಂದೆ ಇಬ್ಬರು ಹುಡುಗರ ಬೆಂಗಾವಲು. ಅವರಿಗೂ ಏನೋ ಕೆಟ್ಟ ದಿನ. "ಕ್ಲೋಸ್ ಆಯ್ತು ಸಾರ್" ಅಂದ ಹುಡುಗ. ಅದೇ ದನಿ, ಅದೇ ಅಳತೆ. ಅವರು ನಗುತ್ತಾ ಯಾರಿಗೋ ಫೋನ್ ಮಾಡಿ, ತಮ್ಮ ಫೋನನ್ನೇ ಇವನ ಕೈಗೆ ಕೊಟ್ಟರು. ಇವನು ಎದ್ದು ನಿಂತು ಕಿವಿಗಿಟ್ಟುಕೊಂಡು ಎರಡು ಸಲ "ಸರಿ ಸಾರ್" ಅಂದ. ಫೋನ್ ವಾಪಸ್ ಕೊಡುತ್ತಾ, "ಅವರೂ ಅದನ್ನೇ ಹೇಳಿದ್ರು ಸಾರ್" ಅಂದ. ಬಾಳೆಹಣ್ಣು ಮುರಿದ. ಅವರಿಗೂ ಎರಡೇ.

ಅಲ್ಲಿ ನನಗೆ ಶನಿವಾರ ನೆನಪಾಯಿತು. ಬಾಯಲ್ಲಿದ್ದ ಹಣ್ಣು ಗಂಟಲಲ್ಲೇ ನಿಂತಿತು.

ಶನಿವಾರ ನಮ್ಮ ಮೀಟಪ್, ಪ್ರೋಗ್ರಾಂ ಬರೆಯುವವರ ಕೂಟ. ತಿಂಗಳಿಗೊಮ್ಮೆ ಯಾವುದಾದರೂ ಕಂಪನಿಯ ಆಫೀಸಿನಲ್ಲಿ ಸೇರುತ್ತೇವೆ. ಈ ಸಲ ಕೋರಮಂಗಲ. ಬರ್ತೀನಿ ಅಂದವರು ಇನ್ನೂರು, ಬಂದವರು ಅರವತ್ತು, ಅದು ಯಾವಾಗಲೂ ಹಾಗೇ. ಕೆಳಗೆ ಸೆಕ್ಯುರಿಟಿಯವರ ಪುಸ್ತಕದಲ್ಲಿ ಲ್ಯಾಪ್‌ಟಾಪ್ ನಂಬರ್ ಬರೆದು ಮೇಲೆ ಬರುವಷ್ಟರಲ್ಲಿ ಅರ್ಧ ಗಂಟೆ. ಹತ್ತು ವರ್ಷದಿಂದ ನಾನು ಟೈಮ್‌ಕೀಪರ್. ಕೈಯಲ್ಲಿ ಒಂದು ಹಿತ್ತಾಳೆ ಗಂಟೆ, ನಮ್ಮಮ್ಮನ ದೇವರ ಮನೆಯದ್ದು. ಎಲ್ಲರೂ ಅದನ್ನು ನೋಡಿ ನಗುತ್ತಾರೆ, ನನಗೂ ಒಳಗೊಳಗೇ ಖುಷಿ.

ಮೊದಲ ಭಾಷಣ ಜಾಗ ಕೊಟ್ಟ ಕಂಪನಿಯ ದೊಡ್ಡವರದ್ದು. ಕೃತಕ ಬುದ್ಧಿಮತ್ತೆ ನಮ್ಮನ್ನೆಲ್ಲ ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ಅಂತ. ಕೊಟ್ಟಿದ್ದು 20 ನಿಮಿಷ. 31 ನಿಮಿಷ ಮಾತಾಡಿದರು. ಕೋಡ್ ಒಂದು ಸಾಲೂ ಇರಲಿಲ್ಲ, ಬಾಣದ ಗುರುತುಗಳು ಮಾತ್ರ ಜಾಸ್ತಿ ಇದ್ದವು. ಆಮೇಲೆ ಮೂರು ಪ್ರಶ್ನೆ. ಗಂಟೆ ನನ್ನ ತೊಡೆಯ ಮೇಲಿತ್ತು. ಅದರ ನಾಲಿಗೆ ಅಲ್ಲಾಡದ ಹಾಗೆ ಬೆರಳಲ್ಲಿ ಹಿಡಿದುಕೊಂಡಿದ್ದೆ. ಯಾರೂ ಹೇಳಿರಲಿಲ್ಲ, ನಾನಾಗಿಯೇ ಹಿಡಿದಿದ್ದೆ.

ಕೊನೆಗೆ ಐದೈದು ನಿಮಿಷದ ಪುಟ್ಟ ಮಾತುಗಳು. ಅದರಲ್ಲಿ ಕೊನೆಯವಳು ತಿಪಟೂರಿನ ಒಬ್ಬ ಹುಡುಗಿ, ಇಂಜಿನಿಯರಿಂಗ್ ಮೂರನೇ ವರ್ಷ. ರೈಲಲ್ಲಿ ಬಂದಿದ್ದಳು. ಮೊದಲ ಸಲ ಮೈಕ್ ಹಿಡಿದವಳು ಅಂತ ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಇಂಗ್ಲಿಷಲ್ಲಿ ಶುರು ಮಾಡಿ ಎರಡನೇ ವಾಕ್ಯಕ್ಕೆ ಕನ್ನಡಕ್ಕೆ ಬಂದಳು, ಆಮೇಲೆ ಓಟ.

ಊರಿನ ಹಾಲಿನ ಡೈರಿಗೆ ಅವಳೊಂದು ಪ್ರೋಗ್ರಾಂ ಬರೆದುಕೊಟ್ಟಿದ್ದಾಳೆ. ಬೆಳಿಗ್ಗೆ ಸಂಜೆ ಹಾಲು ಹಾಕಿದವರಿಗೆ ಚೀಟಿ ಬರುತ್ತದೆ. ಮೊದಲ ದಿನವೇ ಅವಳ ತಾತ ಚೀಟಿ ಹಿಡಿದುಕೊಂಡು ಮನೆಗೆ ಬಂದು, "ನನ್ನ ಹೆಸರು ಮುರಿದಿದ್ದೀಯಲ್ಲೇ" ಅಂದರಂತೆ. ತಾತನ ಹೆಸರು ಲಕ್ಷ್ಮೀನರಸಿಂಹಯ್ಯ. ಚೀಟಿಯಲ್ಲಿ "ಲಕ್ಷ್ಮೀನರಸಿಂಹಯ್" ಅಂತ ನಿಂತಿತ್ತು. ಹೆಸರಿಗೆ 15ರ ಮಿತಿ ಇಟ್ಟಿದ್ದಳು. ನಾವು ಎಣಿಸಿದರೆ ಏಳೇ ಅಕ್ಷರ: ಲ, ಕ್ಷ್ಮೀ, ನ, ರ, ಸಿಂ, ಹ, ಯ್ಯ. ಹದಿನೈದು ಧಾರಾಳ ಆಗಬೇಕಿತ್ತು. ಆದರೆ ಕಂಪ್ಯೂಟರಿಗಾಗಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಒತ್ತಕ್ಷರಕ್ಕೆ ಅಂತ ಬೇರೆ ಸಂಖ್ಯೆ ಇಲ್ಲ. ಕ್ಷ್ಮೀ ಅಂದರೆ ಕ, ಅದರ ಅರ್ಧಾಕ್ಷರದ ಗುರುತು, ಷ, ಮತ್ತೆ ಅದೇ ಗುರುತು, ಮ, ಆಮೇಲೆ ದೀರ್ಘದ ಗುರುತು. ಒಂದಕ್ಷರಕ್ಕೆ ಆರು. ನಾವು ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆಗೆ ಆ ಹೆಸರಿನ ಉದ್ದ ಕೇಳಿದರೆ 16 ಅನ್ನುತ್ತದೆ. ತಾತನ ಕೊನೆಯ "ಯ" ಹದಿನಾರನೆಯದು.

ಕೂತವರು ನಕ್ಕರು. ಒಳ್ಳೆಯ ನಗು. ಬಾಣದ ಗುರುತು ನೋಡಿ ಫೋನ್ ತೆಗೆದಿದ್ದವರೆಲ್ಲ ತಲೆ ಎತ್ತಿದ್ದರು. ನಾನು ಇಪ್ಪತ್ತು ಸಲ ಇಂಥ ಮಿತಿ ಬರೆದಿದ್ದೇನೆ, ಒಂದು ಸಲವೂ ಯಾರದ್ದೋ ತಾತನ ಹೆಸರು ತಲೆಗೆ ಬಂದಿರಲಿಲ್ಲ.

"ಇದನ್ನ ಹೇಗೆ ಸರಿ ಮಾಡಿದೆ ಅಂದ್ರೆ..." ಅಂದಳು. ಐದು ನಿಮಿಷ ಆಯಿತು. ನಾನು ಗಂಟೆ ಬಾರಿಸಿದೆ.

"ಸಾರ್, ಒಂದೇ ಸ್ಲೈಡ್ ಇದೆ."

"ಟೈಮ್ ಆಯ್ತಮ್ಮ."

ಒಂದೇ ಸ್ಲೈಡ್. ಅವಳೂ ದೀರ್ಘ ಹಾಕಿಯೇ ಕೇಳಿದ್ದಳು. ಲ್ಯಾಪ್‌ಟಾಪಿನ ವೈರ್ ಕಿತ್ತು ಸುತ್ತಿಕೊಂಡು ಇಳಿದಳು. ಅರವತ್ತು ಜನ ತಾತನ ಹೆಸರು ಮುರಿದಿದ್ದನ್ನು ನೋಡಿದರು, ಸರಿಯಾದದ್ದನ್ನು ನೋಡಲಿಲ್ಲ. ಎಲ್ಲರೂ ಪಿಜ್ಜಾ ಕಡೆಗೆ ಹೋದರು. ನಾನೂ ಹೋದೆ. ಜೊತೆಗಾರ ಸಂಘಟಕ ಬೆನ್ನು ತಟ್ಟಿ, "ಕರೆಕ್ಟಾಗಿ ಮುಗಿಸಿದೆ ಕಣೋ" ಅಂದ. ಆ ಸಂಜೆ ನನಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವೇ ಇತ್ತು.

ಆ ಹುಡುಗನ ಮೇಲೆ ನನಗೆ ಸಿಟ್ಟು ಬರದಿದ್ದಕ್ಕೆ ಇದೇ ಕಾರಣ ಅಂತ ಆಮೇಲೆ ಹೊಳೆಯಿತು. ನಾನು ಹುಡುಗಿಗೆ ಹೇಳಿದ್ದೂ ಅವನು ನನಗೆ ಹೇಳಿದ್ದೂ ಕೇಳಲು ಒಂದೇ ಥರ. ಆದರೆ ಅವನ ಡಬ್ಬಿ ಕಾರ್ಬನ್ ಸೈಕಲ್ ಬಂದಾಗಲೂ ಮುಚ್ಚಿಯೇ ಇತ್ತು. ನನ್ನ ಗಂಟೆ ದೊಡ್ಡವರು ನಿಂತಾಗ ಹನ್ನೊಂದು ನಿಮಿಷ ಮೂಕವಾಗಿತ್ತು, ತಿಪಟೂರಿನವಳು ನಿಂತಾಗ ಐದನೇ ನಿಮಿಷಕ್ಕೆ ಸರಿಯಾಗಿ ಬಾಯಿ ಬಂತು.

ಜೊತೆಗಾರನಿಗೆ ಫೋನಲ್ಲಿ ಹೇಳಿದೆ. "ಹಾಲ್ ಅವರದು, ಪಿಜ್ಜಾ ಅವರದು, ಇನ್ನೇನ್ ಮಾಡಕ್ಕಾಗುತ್ತೆ?" ಅಂದ. ಅವನು ಹೇಳಿದ್ದರಲ್ಲೂ ಸುಳ್ಳಿಲ್ಲ. ಬೆಂಗಳೂರಲ್ಲಿ ಅರವತ್ತು ಜನಕ್ಕೆ ಪುಕ್ಕಟೆ ಜಾಗ ಯಾರು ಕೊಡುತ್ತಾರೆ? ಮುಂದಿನ ತಿಂಗಳೂ ಅಲ್ಲೇ ಕೇಳಬೇಕು. ಹತ್ತು ವರ್ಷದಿಂದ ಹೀಗೇ ನಡೆದಿದೆ, ದೊಡ್ಡವರ ಹನ್ನೊಂದು ನಿಮಿಷವನ್ನು ಸಣ್ಣವರ ಐದೈದು ನಿಮಿಷದಲ್ಲಿ ಮುರಿದುಕೊಂಡು. 2009ರಲ್ಲಿ ಪೈಥಾನ್ ಬಳಸುವವರ ಸಮ್ಮೇಳನ, ಮೊದಲ ಪೈಕಾನ್ ಇಂಡಿಯಾ, ಇಲ್ಲೇ ಐಐಎಸ್‌ಸಿಯಲ್ಲಿ ಆದಾಗ ನಾನು ಕಾಲೇಜು ಹುಡುಗ, ಹಿಂದಿನ ಸಾಲಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡವನು. ಯಾವ ದೊಡ್ಡವರು ಏನು ಹೇಳಿದರು ಅಂತ ಈಗ ಒಂದೂ ನೆನಪಿಲ್ಲ. ಯಾರೋ ಊಟದ ಹೊತ್ತಲ್ಲಿ ತಮ್ಮ ಲ್ಯಾಪ್‌ಟಾಪ್ ನನ್ನ ಕಡೆಗೆ ತಿರುಗಿಸಿ ತೋರಿಸಿದ ನಾಲ್ಕು ಸಾಲು ಕೋಡ್ ನೆನಪಿದೆ. ಅವರ ಅನ್ನ ಆರಿಹೋಗಿತ್ತು.

ಭಾನುವಾರ ವಾಪಸ್ ಬರುವಾಗ ಗಾಳಿ ಬೆನ್ನಿಗೆ. ಸೈಕಲ್ ತಾನಾಗಿ ಓಡುತ್ತಿತ್ತು. ಸಂಜೆ ಆರೂಕಾಲಿಗೆಲ್ಲ ಯಶವಂತಪುರ. ಅಂದರೆ ಒಟ್ಟು ಹನ್ನೆರಡೂಕಾಲು ಗಂಟೆ, ಹದಿಮೂರೂವರೆಯ ಒಳಗೇ. ಆದರೂ ಲೆಕ್ಕಕ್ಕಿಲ್ಲ, ಕಾರ್ಡಿನಲ್ಲಿ ನಡುವಿನ ಮನೆ ಖಾಲಿ. ಹೆಂಡತಿ ಕಾರ್ಡ್ ತಿರುಗಿಸಿ ಮುರುಗಿಸಿ ನೋಡಿ, "ನೂರು ಕಿಲೋಮೀಟರ್ ಹೋಗಿ ಇಡ್ಲಿ ತಿಂದು ಬಂದ್ರಿ ಅನ್ನಿ" ಅಂದಳು. ಇಡ್ಲಿ ಸಿಕ್ಕಿದ್ದು ಅರವತ್ತು ಚಿಲ್ಲರೆಗೆ ಅಂತ ತಿದ್ದಿದೆ.

ನಿನ್ನೆ ರಾತ್ರಿ ಆ ಹುಡುಗಿಗೆ ಮೆಸೇಜ್ ಹಾಕಿದೆ. ಬರೆದು ಅಳಿಸಿ ಬರೆದು, ಕೊನೆಗೆ "ಆ ಕೊನೇ ಸ್ಲೈಡ್ ಕಳಿಸ್ತೀಯಾಮ್ಮ? ಶನಿವಾರ ನಾನು ಗಂಟೆ ಬಾರಿಸಬಾರದಿತ್ತು" ಅಂತ ಕಳಿಸಿದೆ. ಒಂದು ಗಂಟೆ ಬಿಟ್ಟು ಉತ್ತರ ಬಂತು. ಸ್ಲೈಡಿನಲ್ಲಿ ಕೋಡ್ ಇರಲಿಲ್ಲ. ಒಂದು ಫೋಟೋ. ಮಣ್ಣು ಮೆತ್ತಿದ ಹೆಬ್ಬೆರಳು ಹಿಡಿದಿರುವ ಹಾಲಿನ ಚೀಟಿ. ನಾಲ್ಕೂವರೆ ಲೀಟರ್, ಫ್ಯಾಟ್ 3.8, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 8.5. ಮೇಲೆ ಹೆಸರು, ಎರಡು ಸಾಲಿನಲ್ಲಿ. ಮೇಲಿನ ಸಾಲಲ್ಲಿ ಲಕ್ಷ್ಮೀ, ಕೆಳಗಿನ ಸಾಲಲ್ಲಿ ನರಸಿಂಹಯ್ಯ. ಮಿತಿ ತೆಗೆದು, ಹೆಸರು ಉದ್ದವಾದರೆ ಮುಂದಿನ ಸಾಲಿಗೆ ಇಳಿಸಿದ್ದಾಳೆ, ಅಷ್ಟೇ. ತೋರಿಸಲು ಹತ್ತು ಸೆಕೆಂಡ್ ಸಾಕಿತ್ತು.

ಅದರ ಕೆಳಗೆ, "ಪರವಾಗಿಲ್ಲ ಸಾರ್, ಟೈಮ್ ಆಗಿತ್ತಲ್ವಾ."

ಮುಂದಿನ ತಿಂಗಳು ಇಪ್ಪತ್ತು ನಿಮಿಷ ಕೊಡ್ತೀವಿ, ಮೊದಲ ಭಾಷಣವೇ ನಿನ್ನದು, ಬಾ ಅಂದೆ.

"ಇಂಟರ್ನಲ್ಸ್ ಇದೆ ಸಾರ್. ನೋಡ್ತೀನಿ" ಅಂದಳು.