ಒಂದೇ ಕಾರು, ಒಂದು ಡೋರ್ ಮಾತ್ರ ಬೇರೆ
ಆಯುಧಪೂಜೆಗೆ ಇನ್ನು ಒಂದು ವಾರ ಇತ್ತು, ಭಾನುವಾರ ಬೆಳಗ್ಗೆ ಆರೂವರೆಗೇ ಬೇಸ್‌ಮೆಂಟಿಗೆ ಇಳಿದು ಕಾರ್ ತೊಳೆದು, ಅಂಟಿದ ಕೊಳೆ ಎತ್ತೋ ಜೇಡಿಮಣ್ಣಿನಂಥ ಕ್ಲೇ ಹೊಡೆದು, ರಬ್ಬರ್ ಬೀಡಿಂಗಿಗೆಲ್ಲ ಟೇಪ್ ಹಾಕ್ಕೊಂಡು ಮಷೀನ್ ಪಾಲಿಶ್ ಮಾಡೋಕೆ ಕೂತೆ. ನಮ್ದು ಒಂಬತ್ತು ವರ್ಷದ ಕಪ್ಪು ಜಪಾನಿ ಸೆಡಾನ್. ಬೆಂಗಳೂರಿನ ಧೂಳಲ್ಲಿ ದಿನಾ ಒಣಬಟ್ಟೆಲಿ ಒರೆಸಿ ಒರೆಸಿ, ಟಾರ್ಚ್ ಬಿಟ್ರೆ ಸಾಕು ಬಾನೆಟ್ ತುಂಬ ಜೇಡರಬಲೆ ಥರ ಸಣ್ಣ ಗೀರು.

ಹಿಂದಿನ ತಿಂಗಳಷ್ಟೇ ಭಾವನ ಜರ್ಮನ್ ಹ್ಯಾಚ್‌ಬ್ಯಾಕ್ ಮಾಡಿದ್ದೆ. ಅದರ ಪೇಂಟಂತೂ ಕಲ್ಲು. ಫೋಮ್ ಪ್ಯಾಡಲ್ಲಿ ಮೀಡಿಯಂ ಪಾಲಿಶ್ ಹಾಕಿ ಆರು ಪಾಸ್, ಅಂದ್ರೆ ಅದೇ ಜಾಗದ ಮೇಲೆ ಆರು ಸಲ, ಹೊಡೆದ್ರೂ ಗೀರು ಇದ್ದಲ್ಲೇ ಇತ್ತು, ಕೊನೆಗೆ ಮೈಕ್ರೋಫೈಬರ್ ಪ್ಯಾಡು, ಕಾಂಪೌಂಡು ಅನ್ನೋ ಒರಟು ಪಾಲಿಶು ಕೈಗೆ ತಗೊಂಡ್ಮೇಲೇ ದಾರಿಗೆ ಬಂದಿದ್ದು. ಜರ್ಮನ್ ಗಟ್ಟಿ, ಜಪಾನಿ ಮೆತ್ತಗೆ ಅಂತ ಡೀಟೇಲಿಂಗ್ ಮಾಡೋರೆಲ್ಲ ಹೇಳ್ತಾರೆ, ಸುಮಾರಾಗಿ ನಿಜಾನೇ, ಆದ್ರೆ ಒಂದೇ ಕಂಪನಿಲೂ ಮಾಡೆಲಿಂದ ಮಾಡೆಲಿಗೆ ಬದಲಾಗುತ್ತೆ, ಹಾಗಾಗಿ ಟೆಸ್ಟ್ ಸ್ಪಾಟ್ ಮಾಡ್ದೆ ಮಷೀನ್ ಇಡ್ಲೇಬಾರ್ದು. ಫ್ಯಾಕ್ಟರಿ ಪೇಂಟ್ ಪೂರ್ತಿ ಸೇರಿ ಒಂದು ಎ4 ಹಾಳೆಯಷ್ಟು ದಪ್ಪ, 100 ಮೈಕ್ರಾನ್ ಆಸುಪಾಸು, ಅದ್ರಲ್ಲಿ ಕ್ಲಿಯರ್‌ಕೋಟ್ ಅನ್ನೋ ಮೇಲಿನ ಪಾರದರ್ಶಕ ಪದರ 40ರಿಂದ 50. ಪಾಲಿಶಲ್ಲಿ ಸವೆದು ಕಳ್ಕೊಂಡಿದ್ದು ವಾಪಸ್ ಬರಲ್ಲ.

ಬಾನೆಟ್ ಮೇಲೆ ಒಂದಡಿ ಜಾಗ ಟೇಪ್ ಮಾಡಿ ಮೀಡಿಯಂ ಫೋಮು, ಮೀಡಿಯಂ ಪಾಲಿಶು, ಮೂರು ಪಾಸ್. ಟ್ಯೂಬ್‌ಲೈಟ್ ಪ್ರತಿಬಿಂಬ ಚಾಕುವಿನ ಅಂಚಿನ ಥರ ನೆಟ್ಟಗೆ ಕಾಣ್ತು, ತುಂಬ ಖುಷಿ ಆಯ್ತು. ಅದೇ ಸೆಟ್ಟಲ್ಲಿ ಬಾನೆಟ್, ರೂಫ್, ಎಡಗಡೆ ಪೂರ್ತಿ ಮುಗೀತು. ಬಲಗಡೆ ಹಿಂದಿನ ಡೋರಿಗೆ ಬಂದೆ ನೋಡಿ, ಅದೇ ಪ್ಯಾಡು, ಅದೇ ಪಾಲಿಶು, ಆದ್ರೆ ಒರೆಸಿ ಲೈಟ್ ಹಿಡಿದ್ರೆ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಬೂದು ಮಬ್ಬು. ಪ್ಯಾಡ್ ಕೊಳೆ ಆಗಿರ್ಬೇಕು ಅಂತ ಹೊಸದು ಹಾಕಿ ಸ್ವಲ್ಪ ಒತ್ತಿ ಹೊಡೆದೆ, ಇನ್ನೂ ಜಾಸ್ತಿ ಆಯ್ತು. ಪಾಲಿಶಿನ ಎಣ್ಣೆ ತೆಗೆಯೋ ಆಲ್ಕೋಹಾಲ್, ಐಪಿಎ, ಹಾಕಿ ಒರೆಸಿದ ಮೆತ್ತನೆ ಬಟ್ಟೆ ಕೂಡ ಸಣ್ಣ ಸಣ್ಣ ಗೆರೆ ಬಿಟ್ಟಿತ್ತು. ಹೊಟ್ಟೆಲಿ ಒಂಥರಾ ಆಗೋಯ್ತು.

ಆಗ ಪೇಂಟಿನ ದಪ್ಪ ಅಳೆಯೋ ಗೇಜ್ ತಂದು ಇಟ್ಟೆ. ಬಾನೆಟ್ 110 ಮೈಕ್ರಾನ್, ಈ ಡೋರ್ 240. ನಾಲ್ಕು ವರ್ಷದ ಹಿಂದೆ ತುಮಕೂರು ರೋಡಲ್ಲಿ ಬೈಕ್ ತಗುಲಿ ಡೋರ್ ರೀಪೇಂಟ್ ಮಾಡ್ಸಿದ್ದು ನೆನಪಾಯ್ತು. ಗೇಜ್ ಗಟ್ಟಿನಾ ಮೆತ್ತಗಾ ಹೇಳಲ್ಲ, ದಪ್ಪ ಮಾತ್ರ ಹೇಳುತ್ತೆ, ಆದ್ರೆ ಇಲ್ಲಿ ಬೇರೆ ಪೇಂಟ್ ಇದೆ ಅನ್ನೋದಕ್ಕೆ ಅಷ್ಟು ಸಾಕಿತ್ತು. ಫ್ಯಾಕ್ಟರಿಲಿ ಬರೀ ಲೋಹದ ಬಾಡಿ, ವೈರಿಲ್ಲ ಟೈರಿಲ್ಲ, ಅದಕ್ಕೆ ಸುಮಾರು 140 ಡಿಗ್ರಿಲಿ ಬೇಯಿಸ್ತಾರೆ. ಗ್ಯಾರೇಜಲ್ಲಿ ಕಾರು ಪೂರ್ತಿ ಜೋಡ್ಸಿರೋದೇ ಪೇಂಟ್ ಬೂತೊಳಗೆ ಹೋಗುತ್ತೆ, ಅಷ್ಟು ಕಾಯಿಸಿದ್ರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತೆ, ಹಾಗಾಗಿ ಕ್ಲಿಯರಿಗೆ ಗಟ್ಟಿ ಮಾಡೋ ಹಾರ್ಡ್ನರ್ ಬೆರೆಸಿ 60 ಡಿಗ್ರಿ ಸುತ್ತಮುತ್ತ ಒಣಗಿಸ್ತಾರೆ. ರಸಾಯನವೇ ಬೇರೆ, ಗಟ್ಟಿತನವೂ ಬೇರೆ. ಹಾರ್ಡ್ನರ್ ಅಳತೆ ತಪ್ಪಿದ್ರಂತೂ ವರ್ಷಗಟ್ಲೆ ಮೆತ್ತಗೇ ಉಳಿಯುತ್ತೆ.

ಮೆತ್ತನೆ ಪೇಂಟಲ್ಲಿ ಗೀರು ಬೇಗ ಹೋಗುತ್ತೆ, ಕಷ್ಟ ಇರೋದು ಅದಲ್ಲ, ಗೀರು ತೆಗೆಯೋ ಪಾಲಿಶೇ ತನ್ನ ಗೀರು ಬಿಟ್ಟು ಹೋಗುತ್ತೆ. ಗಟ್ಟಿ ಪೇಂಟಿಗೆ ಬೆವರು ಸುರಿಸಿದ್ರೆ ಆಯ್ತು, ಇದಕ್ಕೆ ತಾಳ್ಮೆ ಬೇಕು. ಇರೋದ್ರಲ್ಲೇ ಮೆತ್ತನೆ ಫಿನಿಶಿಂಗ್ ಪ್ಯಾಡ್ ಹಾಕಿ, ಅತೀ ನುಣುಪಿನ ಪಾಲಿಶ್ ಮೂರೇ ಹನಿ, ಸ್ಪೀಡ್ ಕಮ್ಮಿ ಮಾಡಿ, ಒತ್ತದೆ ಮಷೀನಿನ ಭಾರ ಅಷ್ಟೇ ಬಿಟ್ಟು ನಿಧಾನಕ್ಕೆ ಎಳೆದೆ, ಪ್ರತಿ ಸಲ ಪ್ಯಾಡ್ ಬ್ರಷ್ ಮಾಡ್ಕೊಂಡು. ಒಂದು ಡೋರಿಗೆ ಒಂದೂವರೆ ಗಂಟೆ. ಎರಡನೇ ಸುತ್ತಲ್ಲಿ ಮಬ್ಬು ಹರಿದು ಒಳಗಿಂದ ಕಪ್ಪು ಬಂತು, ಬಾವಿ ನೀರಿನ ಥರದ ಕಪ್ಪು.

ಪೂಜೆ ದಿನ ಅಮ್ಮ ಕುಂಕುಮ ಇಡುವಾಗ ಅದೇ ಡೋರ್ ಮೇಲೆ ಸ್ವಲ್ಪ ಉದುರ್ತು, ಸೆರಗಲ್ಲಿ ಒರೆಸೋಕೆ ಹೋದ್ರು. ಕೈ ಹಿಡಿದು ನಿಲ್ಸಿ, ಒಂದು ಚೊಂಬು ನೀರು ತಂದು ಮೇಲಿಂದ ಸುರಿದೆ.