ಸರ್ವೆ ಕಾಲ್‌ಗೆ ಅತ್ತೆ ಉತ್ತರ ಕೊಟ್ಟಾಗ

ಟೆಲಿಮೆಡಿಸಿನ್ ಕಂಪನಿಯಲ್ಲಿ ಪೇಷಂಟ್ ಸರ್ವೆ ತಯಾರಿಸುವುದು ನನ್ನ ಕೆಲಸ. ಶುಗರ್ ಇರುವವರು ಫಾಲೋಅಪ್ ಯಾಕೆ ತಪ್ಪಿಸುತ್ತಾರೆ ಅಂತ ತಿಳಿಯಬೇಕಿತ್ತು. ಮ್ಯಾನೇಜರ್ ಅಮೆರಿಕದಲ್ಲಿ ಮೆಡಿಕೇರ್ ಅನ್ನೋ ಸರ್ಕಾರಿ ಆರೋಗ್ಯ ವಿಮೆ ನಡೆಸುವ ಇಲಾಖೆಯ ಫಾರ್ಮ್ ಕಳಿಸಿ, "ಇದನ್ನೇ ಕನ್ನಡದಲ್ಲಿ ಹಾಕಿಬಿಡಿ" ಅಂದರು. ಮನೆ, ಊಟ, ಓಡಾಟ, ಕರೆಂಟು-ನೀರು, ಸುರಕ್ಷತೆ. ಮುಖ್ಯ ಪ್ರಶ್ನೆ ಹತ್ತು. ಫಾರ್ಮ್ ಚೆನ್ನಾಗಿಯೇ ಇದೆ, ಅಲ್ಲಿಗೆ.

ಪೈಲಟ್‌ಗೆ, ಅಂದರೆ ಮೊದಲು ಪರೀಕ್ಷಿಸಿ ನೋಡಲು, ಪೀಣ್ಯದ ಗಾರ್ಮೆಂಟ್ಸ್ ಹೆಂಗಸರಿಗೆ ಸಂಜೆ ಫೋನ್ ಮಾಡಿಸಿದೆವು. ನಾನು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಮನೆಯ ಪ್ರಶ್ನೆಗಳಿಗೆ ಅವರಲ್ಲಿ ಒಬ್ಬಾಕೆ ಪಟಪಟ ಉತ್ತರ ಕೊಟ್ಟರು. ಆಮೇಲೆ ಬಂತು: "ಈ ಒಂದು ವರ್ಷದಲ್ಲಿ, ದುಡ್ಡು ಕೈಗೆ ಬರೋ ಮುಂಚೆ ದಿನಸಿ ಮುಗಿದುಹೋಗುತ್ತೆ ಅಂತ ಚಿಂತೆ ಆಗಿತ್ತಾ?"

ಆ ಕಡೆ ಮಾತಿಲ್ಲ. ಕುಕ್ಕರ್ ಎರಡು ಸಲ ಕೂಗಿತು. ಸರಿಯಾಗಿ ಕೇಳಿಸಿಲ್ಲವೇನೋ ಅಂದುಕೊಂಡು, ಇನ್ನೊಂದ್ಸಲ ಕೇಳು ಅಂತ ಕಾಲರ್‌ಗೆ ಸನ್ನೆ ಮಾಡಿದೆ. ಕೇಳಿದಳು. ಈಗ ಬೇರೆ ದನಿ.

"ಯಾರಮ್ಮ ನೀನು? ಸೊಸೆಗೆ ಊಟ ಹಾಕಲ್ಲ ಅಂತ ನಿಂಗ್ಯಾರು ಹೇಳಿದ್ದು?"

ಫೋನ್ ಸ್ಪೀಕರ್‌ನಲ್ಲಿತ್ತು! ಕಾಲರ್ ನನ್ನ ಮುಖ ನೋಡಿದಳು. ಸ್ಕ್ರೀನ್‌ನಲ್ಲಿ ಕೆಂಪು ಚುಕ್ಕಿ, ಉತ್ತರ ತುಂಬದೆ ಟೂಲ್ ಮುಂದೆ ಬಿಡಲ್ಲ. ಕೊನೆಗೆ ಕಾದಿದ್ದವು, ಮನೆಯಲ್ಲಿ ಯಾರಾದರೂ ಹೊಡೀತಾರಾ, ಹೆದರಿಸ್ತಾರಾ ಅನ್ನೋ ಪ್ರಶ್ನೆಗಳು. ಅತ್ತೆಯ ಎದುರಿಗೇ! ಸಾರಿ ಹೇಳಿಸಿ ಕಾಲ್ ಮುಗಿಸಿದೆವು. ಡ್ಯಾಶ್‌ಬೋರ್ಡ್‌ನಲ್ಲಿ ಆಕೆ 'ರೆಫ್ಯೂಸ್ಡ್'. ಆಕೆ ಎಲ್ಲಿ ಬೇಡ ಅಂದರು ಸ್ವಾಮಿ?

ಈಗ ಮೊದಲ ಪ್ರಶ್ನೆಯೇ "ಒಬ್ಬರೇ ಇದೀರಾ, ಆಮೇಲೆ ಮಾಡಲಾ?" ನಾವೇ ಸೇರಿಸಿದ್ದ 'ಸ್ಮಾರ್ಟ್‌ಫೋನ್ ಇದೆಯಾ' ಪ್ರಶ್ನೆ ಕಿತ್ತುಹಾಕಿದೆ. ಎಲ್ಲರೂ ಇದೆ ಅನ್ನುತ್ತಾರೆ, ಫೋನ್ ಮಾತ್ರ ಮಗನ ಜೊತೆ ಕಾಲೇಜಿಗೆ ಹೋಗಿರುತ್ತದೆ. ಡಾಕ್ಟರ್ ಸ್ಲಾಟ್ ಹೊತ್ತಿಗೆ ಅದು ಯಾರ ಕೈಲಿರುತ್ತೆ ಅಂತ ಕೇಳುತ್ತೇವೆ. ಓಡಾಟದ ಪ್ರಶ್ನೆಯೂ ಬದಲಾಯಿತು. 2023ರ ಜೂನ್‌ನಿಂದ ಸಾಮಾನ್ಯ ಬಿಎಂಟಿಸಿ ಬಸ್ ಹೆಂಗಸರಿಗೆ ಫ್ರೀ. ಲ್ಯಾಬ್‌ಗೆ ಹೋಗದಂತೆ ತಡೆಯುವುದು ಟಿಕೆಟ್ ಅಲ್ಲ, ಅರ್ಧ ದಿನದ ಸಂಬಳ.

ಊಟದ ಪ್ರಶ್ನೆ ಬಿಡಲಿಲ್ಲ, ನರ್ಸ್ ಕಾಲ್‌ಗೆ ಸರಿಸಿದೆ. ಉತ್ತರ ಡಾಕ್ಟರ್ ಸ್ಕ್ರೀನ್‌ಗೆ ಹೋಗಬೇಕು ಅಂತ ಜಗಳ ಆಡಿದೆ. ಇಲ್ಲಾಂದ್ರೆ ಸುಮ್ನೆ ಯಾಕೆ ಕೇಳಬೇಕು? ರೇಷನ್ ಅಕ್ಕಿಯಲ್ಲೇ ತಿಂಗಳು ತಳ್ಳುವವರಿಗೆ ನಮ್ಮ ಡಯಟ್ ಚಾರ್ಟ್ ಬೆಳಿಗ್ಗೆ ಓಟ್ಸ್, ಸಂಜೆ ಬಾದಾಮಿ ಅನ್ನುತ್ತಿತ್ತು.

ಮ್ಯಾನೇಜರ್‌ಗೆ ಈಗಲೂ ಕಂಪ್ಲೀಶನ್ ರೇಟ್, ಅಂದರೆ ಸರ್ವೆ ಪೂರ್ತಿ ಮುಗಿಸುವವರ ಪ್ರಮಾಣ, ಇಳಿದದ್ದೇ ಚಿಂತೆ. ಕೆಂಪು ಚುಕ್ಕಿ ತೆಗೆಯಿರಿ ಅಂತ ಹಾಕಿದ ರಿಕ್ವೆಸ್ಟ್ ಇನ್ನೂ ಟೂಲ್ ಕೊಟ್ಟ ವೆಂಡರ್ ಹತ್ತಿರವೇ ಇದೆ, 'ಲೋ ಪ್ರಯಾರಿಟಿ'.