ಅಂಗಡಿಯಲ್ಲಿ ರಗ್ಗು ಸಿಗುವಾಗ, ಹಳೆ ಬಟ್ಟೆಯ ಪದರಗಳನ್ನು ಸೇರಿಸಿ ಕೌದಿ ಯಾಕೆ ಹೊಲಿಯಬೇಕು?

ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ: ಹೊಲಿಯುವುದಾದರೂ ಎಲ್ಲಿಂದ ಶುರು ಮಾಡಬೇಕು? ಎರಡಕ್ಕೂ ಉತ್ತರ ಒಂದೇ, ಕೂಸಿನ ಕೌದಿ. ಗುರುತಿನ ಮನೆಯಲ್ಲಿ ಯಾರಾದರೂ ಬಸುರಿ ಇರುತ್ತಾರೆ, ಬೀರುವಿನ ತಳದಲ್ಲಿ ಒಗೆದೊಗೆದು ಮೆತ್ತಗಾದ ಸೀರೆ ಇರುತ್ತದೆ. ಯಾರಿಗೆ ಅಂತ ಗೊತ್ತಿದ್ದರೆ ಕೌದಿ ಮುಗಿಯುತ್ತದೆ. ‘ಸುಮ್ಮನೆ ಕಲಿಯೋಣ’ ಅಂತ ಡಬಲ್ ಕಾಟ್ ಅಳತೆಗೆ ಕೈಹಾಕಿದರೆ ಅದು ಅರ್ಧಕ್ಕೇ ಅಟ್ಟ ಸೇರುತ್ತದೆ.

3 ಅಡಿ ಉದ್ದ, 2.5 ಅಡಿ ಅಗಲ ಸಾಕು. ಐದೂವರೆ ಮೀಟರಿನ ಒಂದು ಸೀರೆಯಲ್ಲಿ ಅಡಿಯ ಪದರ ಒಂದು, ನಡುವಿನವು ಎರಡು ಸಿಕ್ಕಿ ಇನ್ನೂ ಉಳಿಯುತ್ತದೆ. ಮೇಲಿನದು ತುಂಡುಗಳ ಪದರ. ಒಟ್ಟು ನಾಲ್ಕು. ಅದಕ್ಕಿಂತ ದಪ್ಪವಾದರೆ ಹೊಸಬರ ಕೈ ನೋಯುತ್ತದೆ, ಹೊಲಿಗೆ ಉದ್ದುದ್ದ ಬೀಳುತ್ತದೆ.

ಬಟ್ಟೆ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ಜಾರುತ್ತದೆ, ನೀರು ಹೀರುವುದಿಲ್ಲ. ಕೂಸಿನ ಅಡಿ ಹಾಸುವುದಕ್ಕೆ ಅದರಿಂದ ಏನು ಉಪಯೋಗ? ಹೊಸ ಬಟ್ಟೆ ಸೇರಿಸುವುದಾದರೆ ಮೊದಲೇ ಒಗೆದುಕೊಳ್ಳಿ. ಹಳೆಯದು ಕುಗ್ಗಿ ಮುಗಿದಿರುತ್ತದೆ, ಹೊಸದು ಆಮೇಲೆ ಕುಗ್ಗಿ ಸುತ್ತಲಿನದನ್ನೆಲ್ಲ ಎಳೆಯುತ್ತದೆ. ಕೆಂಪು, ಕಡುನೀಲಿ ತುಂಡುಗಳನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಅದನ್ನು ಬಿಟ್ಟುಬಿಡಿ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಮೇಲಿನ ತುಂಡುಗಳನ್ನೆಲ್ಲ ಮೊದಲೇ ಜೋಡಿಸಿ ಒಂದು ಹಾಳೆ ಮಾಡಿಕೊಂಡು, ಆಮೇಲೆ ಅಂಚಿನಿಂದ ಹೊಲಿಯುತ್ತ ಬರುತ್ತಾರೆ. ಸಡಿಲ ಬಟ್ಟೆಯೆಲ್ಲ ನಡುವಿಗೆ ಬಂದು ಪೂರಿಯ ಹಾಗೆ ಉಬ್ಬುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರೂ ಅಂಚಿನಿಂದಲೇ ಹೊಲಿಯುತ್ತಾರೆ, ಅವರದು ಉಬ್ಬುವುದಿಲ್ಲ. ಕಾರಣ ಇಷ್ಟೇ: ಮೂಲೆಯಿಂದ ಹೊರಟು, ತುಂಡನ್ನು ಆಗಿಂದಾಗಲೇ ಇಟ್ಟು, ಅಂಚು ಒಳಗೆ ಮಡಿಸಿ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಎಷ್ಟು ಜಾಗ ಉಳಿದಿದೆಯೋ ಅಷ್ಟೇ ದೊಡ್ಡ ತುಂಡು ಬೀಳುತ್ತದೆ. ನೀವೂ ಹಾಗೇ ಮಾಡಿ. ಅದಕ್ಕೂ ಮೊದಲು ಅಡಿಯ ಮೂರು ಪದರಗಳನ್ನು ನೆಲದ ಮೇಲೆ ಬಿಗಿಯಾಗಿ ಹಾಸಿ, ನಡುವಿನಿಂದ ಹೊರಕ್ಕೆ, ಗೇಣಿಗೊಂದು ಸಾಲು ಕಚ್ಚಾ ಹೊಲಿಗೆ ಹಾಕಿ. ಮುಗಿದ ಮೇಲೆ ಅದನ್ನು ಬಿಚ್ಚಿದರಾಯಿತು.

ದಪ್ಪ ಹತ್ತಿಯ ದಾರ, ಒಂದೂವರೆ ಮೊಳಕ್ಕಿಂತ ಉದ್ದ ಬೇಡ. ಉದ್ದವಾದಷ್ಟೂ ಗಂಟು ಬೀಳುತ್ತದೆ, ಎಳೆ ಸವೆಯುತ್ತದೆ. ದಬ್ಬಣ ತೂತು ಮಾಡುತ್ತದೆ, ದಾರ ಹಿಡಿಯುವಷ್ಟು ಕಣ್ಣಿರುವ ಸೂಜಿ ಸಾಕು. ಗಂಟನ್ನು ಪದರಗಳ ನಡುವೆ ಅಡಗಿಸಿ. ಹೊಲಿಗೆ ಜೋಳದ ಕಾಳಿನಷ್ಟು, ಸಾಲಿನಿಂದ ಸಾಲಿಗೆ ಬೆರಳಗಲ. ದಾರ ಜಗ್ಗಬೇಡಿ, ಜಗ್ಗಿದರೆ ಕೌದಿ ಸುಟ್ಟ ಹಪ್ಪಳದಂತೆ ಸುರುಟುತ್ತದೆ. ನಾಲ್ಕೈದು ಹೊಲಿಗೆಗೊಮ್ಮೆ ಅಂಗೈಯಿಂದ ಸವರಿ, ಅಡಿಯಲ್ಲಿ ಮಡಿಕೆ ಬಿದ್ದಿದೆಯೇ ಅಂತ ಮಗುಚಿ ನೋಡಿ.

ಕಲಿಸುವವರಿಗೂ ಒಂದು ಮಾತು. ಸಾಲು ಸೊಟ್ಟಗಿದೆ ಅಂತ ಬಿಚ್ಚಿಸಬೇಡಿ. ಸೊಟ್ಟ ಸಾಲಿನಿಂದ ಕೌದಿಗೆ ಏನೂ ಆಗುವುದಿಲ್ಲ. ಸಾಲುಗಳ ನಡುವೆ ನಾಲ್ಕು ಬೆರಳಿನಷ್ಟು ಖಾಲಿ ಬಿಟ್ಟರೆ ಮಾತ್ರ ತಕರಾರು: ಒಗೆದಾಗ ಒಳಪದರ ಸರಿದು ಗಂಟುಕಟ್ಟುತ್ತದೆ. ಆಗಲೂ ಬಿಚ್ಚುವುದು ಬೇಡ, ನಡುವೆ ಇನ್ನೊಂದು ಸಾಲು ಹಾಕಿಸಿ. ಮೂಲೆ ಸುತ್ತುವುದು ಕಷ್ಟ, ಮೊದಲ ಸುತ್ತು ನೀವು ಹೊಲಿದು ಒಳಗಿನ ನೇರ ಸಾಲುಗಳನ್ನು ಕಲಿಯುವವರ ಕೈಗೆ ಕೊಡಿ. ಎದುರುಬದುರು ಕೂತು ಹೊಲಿದರೆ ಇನ್ನೂ ಒಳ್ಳೆಯದು, ಮಾತಿನ ಭರದಲ್ಲಿ ಕೈ ತಾನಾಗಿ ಸಡಿಲಾಗುತ್ತದೆ.

ಮಣಿ, ಗುಂಡಿ, ಕನ್ನಡಿ ಕೂಸಿನ ಕೌದಿಗೆ ಬೇಡವೇ ಬೇಡ, ಕಿತ್ತು ಬಾಯಿಗೆ ಹೋಗುತ್ತವೆ. ಅಲಂಕಾರ ಬೇಕೆಂದರೆ ಸಿದ್ದಿಯರು ಮೂಲೆಗಳಿಗೆ ಕೂರಿಸುವ ಹೂವಿದೆ: ತ್ರಿಕೋನವಾಗಿ ಮಡಿಸಿದ ಪುಟ್ಟ ಬಟ್ಟೆ. ಮಡಿಸಿದ ತುದಿ ಹೊರಗೆ ಇರಲಿ, ಬುಡ ಪದರಗಳ ನಡುವೆ ಅರ್ಧ ಇಂಚು ಹೋಗಲಿ, ಅಲ್ಲಿ ಎರಡು ಸಲ ಹೊಲಿಯಿರಿ. ಮಗು ಮೊದಲು ಹಿಡಿದು ಎಳೆಯುವುದು ಅದನ್ನೇ.